ಉಕ್ಕಿನ ಮೇಲಿನ ಸಾಕ್ಷ್ಯ: ಜರ್ಮನ್ ರೈಫಲ್‌ಗಳ ಗುರುತು ಓದುವ ವಿಜ್ಞಾನ

ರೈಫಲ್ಲಿನ ನಳಿಗೆ ಬಂದು ಕೂಡುವ ಕಡೆ ದಪ್ಪನೆಯ ಉಕ್ಕಿನ ಬಳೆಯೊಂದಿದೆ. ಅದರ ನೆತ್ತಿಯ ಮೇಲೆ ಮೂರು ರೋಮನ್ ಅಕ್ಷರ, ಎರಡು ಅಂಕಿ: ಬಿವೈಎಫ್ 43. ಪಕ್ಕದಲ್ಲಿ ಪುಟ್ಟದೊಂದು ಹದ್ದು, ಅದರಡಿ 135 ಎಂಬ ಸಂಖ್ಯೆ. ಎಡಬದಿಗೆ ನಾಲ್ಕಂಕಿಯ ಕ್ರಮಸಂಖ್ಯೆ, ಅದಕ್ಕೆ ಜೊತೆಯಾಗಿ ಒಂದು ಸಣ್ಣಕ್ಷರ. ಓದಲು ಬಲ್ಲವರಿಗೆ ಇಷ್ಟೇ ಸಾಕು. ಈ ರೈಫಲ್ ಜರ್ಮನಿಯ ನೆಕಾರ್ ನದಿದಂಡೆಯ ಓಬರ್ನ್‌ಡೋರ್ಫ್ ಪಟ್ಟಣದಲ್ಲಿ, ಮೌಸರ್ ಕಂಪನಿಯ ಕಾರ್ಖಾನೆಯಲ್ಲಿ, 1943ರಲ್ಲಿ ತಯಾರಾಯಿತು. ಸೇನೆಯ ತಪಾಸಣಾ ತಂಡ ಅದನ್ನು ಪರೀಕ್ಷಿಸಿ ಒಪ್ಪಿಕೊಂಡಿತು. ಅದರ ಜೊತೆಗೆ ಬಂದಿರಬಹುದಾದ ಕಾಗದಪತ್ರಗಳೆಲ್ಲ ಸುಟ್ಟು ಬೂದಿಯಾಗಿದ್ದರೂ ಉಕ್ಕಿನ ಮೇಲಿನ ಬರಹ ಉಳಿದುಕೊಂಡಿದೆ.

ಈ ರೈಫಲ್‌ನ ಮೂಲ ವಿನ್ಯಾಸ ಪೌಲ್ ಮೌಸರ್ ಅವರದು. ಜರ್ಮನ್ ಸೇನೆ 1898ರ ಏಪ್ರಿಲ್ 5ರಂದು ಅದನ್ನು ಅಂಗೀಕರಿಸಿತು. ಆ ಮಾದರಿಗೆ ಗೆವೇರ್ 98 ಎಂದು ಹೆಸರು. ಒಟ್ಟು ಉದ್ದ 1250 ಮಿಲಿಮೀಟರ್, ನಳಿಗೆಯೊಂದೇ 740 ಮಿಲಿಮೀಟರ್. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜರ್ಮನ್ ಕಾಲಾಳು ಹಿಡಿದದ್ದು ಇದನ್ನೇ. 1935ರಲ್ಲಿ ನಳಿಗೆಯನ್ನು 600 ಮಿಲಿಮೀಟರ್‌ಗೆ ಇಳಿಸಿದ ಗಿಡ್ಡ ಮಾದರಿ ಬಂತು: ಕಾರಾಬೀನರ್ 98ಕೆ. ಸುಮಾರು ನಾಲ್ಕು ಕಿಲೋ ತೂಕ, 7.92 ಮಿಲಿಮೀಟರಿನ ಐದು ತೋಟಾ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಥವು 1 ಕೋಟಿ 40 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

ಯುದ್ಧ ಮುಗಿದ ಮೇಲೆ ಇವು ಗೆದ್ದವರ ಉಗ್ರಾಣ ಸೇರಿದವು, ಬೇರೆ ಸೇನೆಗಳ ಕೈಗೆ ಹೋದವು, ಅಲ್ಲಿಯೂ ಹಳತಾದಾಗ ಮಿಲಿಟರಿ ಸರ್‌ಪ್ಲಸ್ ಎಂದು ಮಾರಾಟವಾದವು. ಯುರೋಪ್ ಮತ್ತು ಅಮೆರಿಕದಲ್ಲಿ ಇವನ್ನು ಸಂಗ್ರಹಿಸುವವರು ಬಹಳ ಮಂದಿ. ಅವರ ಹವ್ಯಾಸದಿಂದ ಬೆಳೆದ ಜ್ಞಾನವೊಂದು ಇತಿಹಾಸಕಾರರಿಗೂ ವಸ್ತುಸಂಗ್ರಹಾಲಯಗಳಿಗೂ ಬೇಕಾದದ್ದಾಗಿದೆ. ಅದರ ತಿರುಳು ಇಷ್ಟು: ಒಂಟಿ ಗುರುತು ಬರೀ ಹೇಳಿಕೆ. ಬೇರೆ ಬೇರೆ ಕೈಗಳು ಬೇರೆ ಬೇರೆ ಕಾರಣಕ್ಕೆ ಒತ್ತಿದ ಗುರುತುಗಳು ಒಂದನ್ನೊಂದು ಒಪ್ಪಿದಾಗ ಮಾತ್ರ ಅದು ಸಾಕ್ಷ್ಯ.

ಠಸ್ಸೆ ಒತ್ತಿದ್ದು ಏಕೆ?

ತೋಟಾ ಸಿಡಿದಾಗ ಹುಟ್ಟುವ ಒತ್ತಡವನ್ನು ತಡೆಯುವುದು ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್, ಅದನ್ನೂ ನಳಿಗೆಯನ್ನೂ ಹಿಡಿದಿಡುವ ರಿಸೀವರ್ ಎಂಬ ಉಕ್ಕಿನ ಚೌಕಟ್ಟು ಮತ್ತು ನಳಿಗೆ. ಅವುಗಳಲ್ಲಿ ಒಂದು ಬಿರುಕಿದ್ದರೂ ಪೆಟ್ಟು ಬೀಳುವುದು ಸೈನಿಕನ ಮುಖಕ್ಕೆ. ಅದಕ್ಕೇ ಪ್ರತಿ ರೈಫಲ್ಲನ್ನೂ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ ನೋಡುತ್ತಿದ್ದರು. ತಡೆದುಕೊಂಡರೆ ಹದ್ದಿನ ಠಸ್ಸೆ. ಬಿಡಿಭಾಗಗಳನ್ನೂ ಒಂದೊಂದಾಗಿ ಅಳೆದು, ಗಡಸುತನ ನೋಡಿ, ಒಪ್ಪಿಗೆಯಾದದ್ದಕ್ಕೆ ತಪಾಸಣೆಗಾರರ ಮುದ್ರೆ ಬೀಳುತ್ತಿತ್ತು. ಜೀವರಕ್ಷಣೆ ಒಂದು ಕಾರಣವಾದರೆ ಲೆಕ್ಕಪತ್ರ ಇನ್ನೊಂದು: ಸರ್ಕಾರದ ಸ್ವತ್ತು ಯಾರ ವಶದಲ್ಲಿದೆ ಎಂದು ಗೊತ್ತಿರಬೇಕಿತ್ತು.

ಜರ್ಮನ್ ಚಕ್ರವರ್ತಿ ಕೈಸರನ ಕಾಲದಲ್ಲಿ ಇದರಲ್ಲಿ ಮುಚ್ಚುಮರೆ ಇರಲಿಲ್ಲ. ಗೆವೇರ್ 98ರ ನೆತ್ತಿಯ ಮೇಲೆ ಕಿರೀಟ, ಅದರ ಕೆಳಗೆ ಕಾರ್ಖಾನೆಯ ಹೆಸರು, ಅದರ ಕೆಳಗೆ ಇಸವಿ. ಸ್ಪಂಡೌ, ಎರ್ಫುರ್ಟ್, ಡಾನ್‌ಜಿಗ್ ಎಂದಿದ್ದರೆ ಪ್ರಷ್ಯದ ಸರ್ಕಾರಿ ಕಾರ್ಖಾನೆ. ಆಂಬರ್ಗ್ ಎಂದಿದ್ದರೆ ಬವೇರಿಯಾದ್ದು. ಮೌಸರ್‌ನಂಥ ಖಾಸಗಿ ಕಂಪನಿಗಳ ಹೆಸರೂ ಹೀಗೆಯೇ ತೆರೆದು ಕಾಣುತ್ತದೆ. ಬಿಡಿಭಾಗಗಳ ಮೇಲೆ ಕಿರೀಟದಡಿ ಗಾಥಿಕ್ ಲಿಪಿಯ ಒಂದೊಂದು ಅಕ್ಷರ, ಅದು ತಪಾಸಣೆಗಾರನ ಗುರುತು. ಹಿಡಿಯ ಬುಡದ ಲೋಹದ ತಗಡಿನ ಮೇಲೆ ಕೆಲವೊಮ್ಮೆ ಪಡೆಯ ಗುರುತೂ ಸಿಗುತ್ತದೆ: 12. ಆರ್. 5. 23 ಎಂದಿದ್ದರೆ 12ನೆಯ ಕಾಲಾಳು ರೆಜಿಮೆಂಟ್, 5ನೆಯ ಕಂಪನಿ, 23ನೆಯ ಶಸ್ತ್ರ. ಒಂದು ರೈಫಲ್ ಯಾವ ತುಕಡಿಯ ಯಾವ ಸಾಲಿನಲ್ಲಿತ್ತು ಎಂಬಷ್ಟು ಹತ್ತಿರಕ್ಕೆ ಈ ಒಂದು ಸಾಲು ನಮ್ಮನ್ನು ಒಯ್ಯುತ್ತದೆ.

1919ರ ವರ್ಸೇಲ್ಸ್ ಒಪ್ಪಂದ ಜರ್ಮನ್ ಸೇನೆಯನ್ನು ಒಂದು ಲಕ್ಷ ಜನಕ್ಕೆ ಮಿತಗೊಳಿಸಿತು. ಮರುವರ್ಷ ನಾಗರಿಕರ ಕೈಯಲ್ಲಿದ್ದ ಸೇನಾ ಶಸ್ತ್ರಗಳನ್ನು ವಾಪಸು ಪಡೆಯುವ ಕಾಯ್ದೆ ಬಂತು. ಇದು ಸರ್ಕಾರದ್ದೇ ಎಂದು ತೋರಿಸಲು ಸೇನೆಯ ರೈಫಲ್‌ಗಳಿಗೆ 1920 ಎಂಬ ಅಂಕಿ ಒತ್ತಿದರು. 1917 ಮತ್ತು 1920, ಹೀಗೆ ಎರಡೆರಡು ಇಸವಿ ಹೊತ್ತ ರೈಫಲ್ ಕಂಡರೆ ಗೊಂದಲ ಬೇಡ. ಮೊದಲನೆಯದು ಹುಟ್ಟಿದ ವರ್ಷ, ಎರಡನೆಯದು ಸೋತ ದೇಶದ ಪುಟ್ಟ ಸೇನೆಯ ಆಸ್ತಿಯಾಗಿ ಉಳಿದದ್ದರ ಗುರುತು.

ಹೆಸರಿನ ಜಾಗದಲ್ಲಿ ಸಂಕೇತ

ಹಿಟ್ಲರ್ ಅಧಿಕಾರ ಹಿಡಿದ ಮೇಲೆ ಒಪ್ಪಂದ ಮೀರಿ ಶಸ್ತ್ರ ತಯಾರಿ ಶುರುವಾಯಿತು. ಯಾವ ಕಾರ್ಖಾನೆ ಎಷ್ಟು ಮಾಡುತ್ತಿದೆ ಎಂಬುದು ಹೊರಗೆ ತಿಳಿಯಬಾರದು. ಹಾಗಾಗಿ ಕಂಪನಿಯ ಹೆಸರು ಹೋಗಿ ಸಂಖ್ಯೆ ಬಂತು. ಓಬರ್ನ್‌ಡೋರ್ಫಿನ ಮೌಸರ್‌ಗೆ ಎಸ್/42. ಇಸವಿಯನ್ನೂ ಮರೆಸಿದರು: ಕೆ ಎಂದರೆ 1934, ಜಿ ಎಂದರೆ 1935. ಮರುಶಸ್ತ್ರೀಕರಣವನ್ನು ಹಿಟ್ಲರ್ ಬಹಿರಂಗವಾಗಿ ಸಾರಿದ್ದು 1935ರ ಮಾರ್ಚ್‌ನಲ್ಲಿ. ಇಸವಿಯನ್ನು ಬಚ್ಚಿಡುವ ಅಗತ್ಯ ಕಳೆಯಿತು. 1936ರಿಂದ ಪೂರ್ತಿ ನಾಲ್ಕಂಕಿ ಮರಳಿತು. ಕಾರ್ಖಾನೆಯ ಸಂಕೇತ ಮಾತ್ರ ಉಳಿಯಿತು. ಎಸ್ ಬಿದ್ದುಹೋಗಿ ಬರೀ 42 ಆಯಿತು, 1941ರಲ್ಲಿ ಅಕ್ಷರ ಸಂಕೇತ ಬಂದಾಗ ಅದೇ ಕಾರ್ಖಾನೆ ಬಿವೈಎಫ್ ಎನಿಸಿತು, 1945ರಲ್ಲಿ ಎಸ್‌ವಿಡಬ್ಲ್ಯೂ.

ಉಳಿದ ಕಾರ್ಖಾನೆಗಳದ್ದೂ ಇದೇ ಕಥೆ. ಬರ್ಲಿನ್ ಬೋರ್ಸಿಗ್‌ವಾಲ್ಡೆಯ ಮೌಸರ್ ಘಟಕ 243 ಆಗಿದ್ದು ಎಆರ್ ಆಯಿತು. ಸೂಲ್ ಪಟ್ಟಣದ ಜೆ. ಪಿ. ಸೌವರ್ ಕಂಪನಿ 147ರಿಂದ ಸಿಇ. ಆಸ್ಟ್ರಿಯದ ಸ್ಟೈರ್ 660ರಿಂದ ಬಿಎನ್‌ಜೆಡ್. ವೈಮಾರ್‌ನ ಗುಸ್ಟ್‌ಲೋಫ್ ಕಾರ್ಖಾನೆ 337ರಿಂದ ಬಿಸಿಡಿ. ಜರ್ಮನಿ ವಶಪಡಿಸಿಕೊಂಡ ಚೆಕ್ ನಾಡಿನ ಬ್ರನೋ ಕಾರ್ಖಾನೆಗೆ ಡಿಒಟಿ.

ಈ ಪಟ್ಟಿಯ ಉಪಯೋಗ ಕಂಪನಿಯ ಹೆಸರು ತಿಳಿಯುವುದಕ್ಕಷ್ಟೇ ಅಲ್ಲ. ಸಂಕೇತಕ್ಕೂ ಇಸವಿಗೂ ಹೊಂದಾಣಿಕೆ ಇರಲೇಬೇಕು. ಯಾರಾದರೂ ಬಿವೈಎಫ್ 1938 ಎಂದು ಒತ್ತಿದ ರೈಫಲ್ ತೋರಿಸಿದರೆ ಹೆಚ್ಚು ಯೋಚಿಸಬೇಕಿಲ್ಲ. ಆ ಸಂಕೇತ ಹುಟ್ಟುವ ಮೊದಲಿನ ಇಸವಿ ಅದು. ಇದಕ್ಕೆ ಮೂರನೆಯ ಸಾಕ್ಷಿಯಾಗಿ ತಪಾಸಣಾ ತಂಡದ ಸಂಖ್ಯೆಯನ್ನೂ ಸೇರಿಸಿ. ಸೇನೆಯ ಶಸ್ತ್ರಾಸ್ತ್ರ ಕಚೇರಿ ಕಾರ್ಖಾನೆಗಳಿಗೆ ಕಳಿಸಿದ ತಂಡಗಳಿಗೆ ತಮ್ಮದೇ ಸಂಖ್ಯೆಗಳಿದ್ದವು, ಅವು ಹದ್ದಿನ ಕೆಳಗೆ ಕಾಣುತ್ತವೆ. ಆ ಸಂಖ್ಯೆ ಕಾರ್ಖಾನೆಯದಲ್ಲ. 63 ಎಂಬ ಸಂಖ್ಯೆ 1930ರ ದಶಕದಲ್ಲಿ ಓಬರ್ನ್‌ಡೋರ್ಫಿನಲ್ಲಿ ಕಾಣುತ್ತದೆ, ಯುದ್ಧದ ವರ್ಷಗಳಲ್ಲಿ ಬ್ರನೋದಲ್ಲಿ. ಹೀಗಾಗಿ ಹದ್ದು ಮತ್ತು 63ನ್ನಷ್ಟೇ ನೋಡಿ ಊರು ಹೇಳಲಾಗದು; ಕಾರ್ಖಾನೆ, ಇಸವಿ, ತಂಡ ಮೂರೂ ಒಂದೇ ಮಾತು ಹೇಳಬೇಕು.

ಕ್ರಮಸಂಖ್ಯೆಯ ಗಣಿತ

ಪ್ರತಿ ಕಾರ್ಖಾನೆ ವರ್ಷದ ಆರಂಭದಲ್ಲಿ 1ರಿಂದ ಎಣಿಕೆ ಶುರುಮಾಡುತ್ತಿತ್ತು. ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಬಂದಾಗ ಮತ್ತೆ 1ಕ್ಕೆ ಮರಳಿ, ಜೊತೆಗೆ ಎ ಅಕ್ಷರ, ಆ ಕಂತೂ ಮುಗಿದರೆ ಬಿ, ಹೀಗೆ ಮುಂದಕ್ಕೆ. ಒಂದೇ 4521 ಎಂಬ ಸಂಖ್ಯೆ ಹತ್ತಾರು ರೈಫಲ್‌ಗಳ ಮೇಲಿರಬಹುದು. ಕಾರ್ಖಾನೆ, ಇಸವಿ, ಸಂಖ್ಯೆ, ಅಕ್ಷರ ನಾಲ್ಕೂ ಕೂಡಿದರೆ ಮಾತ್ರ ಅದು ಒಂದೇ ಒಂದು ರೈಫಲ್ಲಿನ ವಿಳಾಸ. ದಾಖಲೆಯಲ್ಲಿ ಅಕ್ಷರವನ್ನು ಬಿಟ್ಟು ಅಂಕಿಯನ್ನಷ್ಟೇ ಬರೆದುಕೊಂಡರೆ ವಿಳಾಸ ಅರ್ಧವೇ ಸಿಕ್ಕಂತೆ.

ಶತ್ರುವಿಗೆ ಉತ್ಪಾದನೆ ತಿಳಿಯಬಾರದು ಎಂದು ಹೆಸರು ಬಚ್ಚಿಟ್ಟ ವ್ಯವಸ್ಥೆ ಈ ಎಣಿಕೆಯಲ್ಲಿ ಗುಟ್ಟನ್ನು ತಾನೇ ಬಿಟ್ಟುಕೊಟ್ಟಿತು. ಒಂದು ಕಾರ್ಖಾನೆಯ ಒಂದು ವರ್ಷದ ರೈಫಲ್‌ಗಳಲ್ಲಿ ಸಿಕ್ಕ ಕೊನೆಯ ಅಕ್ಷರ ಎಫ್ ಎಂದಿಟ್ಟುಕೊಳ್ಳಿ. ಅಕ್ಷರವಿಲ್ಲದ ಒಂದು ಕಂತು, ಎ ಇಂದ ಇ ವರೆಗಿನ ಐದು ಕಂತು ಮುಗಿದಿವೆ; ಅಂದರೆ ಸುಮಾರು 60 ಸಾವಿರ ದಾಟಿದೆ. ಹೆಚ್ಚು ಹೆಚ್ಚು ಸಂಖ್ಯೆಗಳನ್ನು ಕಲೆಹಾಕಿದಷ್ಟೂ ಅಂದಾಜು ಬಿಗಿಯಾಗುತ್ತದೆ. ಸಂಗ್ರಾಹಕರು ತಮ್ಮ ರೈಫಲ್‌ಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಹಂಚಿಕೊಳ್ಳುವುದರ ಹಿಂದಿನ ವಿಜ್ಞಾನ ಇದೇ.

ಇದೇ ಉಪಾಯವನ್ನು ಯುದ್ಧ ನಡೆಯುತ್ತಿದ್ದಾಗಲೇ ಮಿತ್ರರಾಷ್ಟ್ರಗಳು ಟ್ಯಾಂಕುಗಳ ಮೇಲೆ ಪ್ರಯೋಗಿಸಿದವು. ಗಣಿತ ಸರಳವಾಗಿದೆ. ಐದು ಟ್ಯಾಂಕು ಸೆರೆಸಿಕ್ಕಿವೆ, ಅವುಗಳಲ್ಲಿ ಅತಿ ದೊಡ್ಡ ಸಂಖ್ಯೆ 60. 60ನ್ನು 5ರಿಂದ ಭಾಗಿಸಿದರೆ 12. 60ಕ್ಕೆ 12 ಕೂಡಿಸಿ 1 ಕಳೆದರೆ 71. ಒಟ್ಟು ಟ್ಯಾಂಕುಗಳ ಉತ್ತಮ ಅಂದಾಜು ಅದು. ಸಿಕ್ಕ ಸಂಖ್ಯೆಗಳ ನಡುವಿನ ಸರಾಸರಿ ಅಂತರದಷ್ಟೇ ಅಂತರ ಕೊನೆಯ ಸಂಖ್ಯೆಯ ಆಚೆಗೂ ಇದ್ದೀತು ಎಂಬ ತರ್ಕ. ರಿಚರ್ಡ್ ರಗಲ್ಸ್ ಮತ್ತು ಹೆನ್ರಿ ಬ್ರೋಡಿ 1947ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಫಲಿತಾಂಶವಿದೆ. 1942ರ ಆಗಸ್ಟ್‌ನಲ್ಲಿ ಜರ್ಮನಿ 1,550 ಟ್ಯಾಂಕು ತಯಾರಿಸಿತೆಂದು ಗುಪ್ತಚರರ ಅಂದಾಜು, ಸಂಖ್ಯಾಶಾಸ್ತ್ರಜ್ಞರದು 327. ಯುದ್ಧಾನಂತರ ಜರ್ಮನ್ ದಾಖಲೆ ತೆರೆದಾಗ ಸಿಕ್ಕ ನಿಜವಾದ ಲೆಕ್ಕ 342.

ಕ್ರಮಸಂಖ್ಯೆ ಭಾರತದ ಸ್ವಾತಂತ್ರ್ಯ ಹೋರಾಟದಲ್ಲೂ ಸಾಕ್ಷಿಯಾಗಿದೆ. 1914ರ ಆಗಸ್ಟ್ 26ರಂದು ಕೋಲ್ಕತ್ತದ ರೊಡ್ಡಾ ಕಂಪನಿಗೆ ಹಡಗಿನಲ್ಲಿ ಬಂದ 202 ಪೆಟ್ಟಿಗೆಗಳಲ್ಲಿ 10 ಪೆಟ್ಟಿಗೆ ಉಗ್ರಾಣ ತಲುಪಲಿಲ್ಲ. ಅವುಗಳಲ್ಲಿದ್ದ 50 ಮೌಸರ್ ಪಿಸ್ತೂಲು, 46,000 ತೋಟಾ ಬಂಗಾಳದ ಕ್ರಾಂತಿಕಾರಿಗಳ ಕೈಸೇರಿದವು. ಪ್ರತಿ ಪಿಸ್ತೂಲಿಗೂ ಸಂಖ್ಯೆ ಇತ್ತು, ಆ ಸಂಖ್ಯೆಗಳನ್ನು ಕಂಪನಿ ಬರೆದಿಟ್ಟುಕೊಂಡಿತ್ತು. ಮುಂದಿನ ವರ್ಷಗಳಲ್ಲಿ ಬಂಗಾಳದ ಬೇರೆ ಬೇರೆ ಕಡೆ ಸಿಕ್ಕ ಪಿಸ್ತೂಲುಗಳ ಮೂಲವನ್ನು ಬ್ರಿಟಿಷ್ ಸರ್ಕಾರ ಹಿಡಿದದ್ದು ಈ ದಾಖಲೆಯಿಂದ. ಓಬರ್ನ್‌ಡೋರ್ಫಿನಲ್ಲಿ ಒತ್ತಿದ ಅಂಕಿ ಗಂಗೆಯ ಬಯಲಿನವರೆಗೆ ಕೈಚಾಚಿತ್ತು.

ಬಿಡಿಭಾಗಗಳು ಒಪ್ಪುತ್ತವೆಯೇ?

ಕ್ರಮಸಂಖ್ಯೆ ರಿಸೀವರ್ ಮೇಲೆ ಮಾತ್ರ ಇರುವುದಿಲ್ಲ. ನಳಿಗೆ, ಬೋಲ್ಟ್, ಕುದುರೆಯ ಕಾವಲು ಪಟ್ಟಿ, ಗುರಿಪಟ್ಟಿ, ಮರದ ಹಿಡಿ ಎಲ್ಲದರ ಮೇಲೂ ಅದನ್ನು ಒತ್ತುತ್ತಿದ್ದರು. ಚಿಕ್ಕ ಭಾಗಗಳಲ್ಲಿ ಜಾಗ ಸಾಲದೆ ಕೊನೆಯ ಎರಡಂಕಿ ಮಾತ್ರ. ಎಲ್ಲ ಒಂದೇ ಆಗಿದ್ದರೆ ಸಂಗ್ರಾಹಕರು ಅದನ್ನು ಮ್ಯಾಚಿಂಗ್ ಎನ್ನುತ್ತಾರೆ. ಕಾರ್ಖಾನೆಯಿಂದ ಹೊರಟಂತೆಯೇ ಉಳಿದ ಅಂಥ ರೈಫಲ್‌ಗಳು ವಿರಳ; ಬೆಲೆಯೂ ಹೆಚ್ಚು.

ಬೋಲ್ಟ್‌ನ ಸಂಖ್ಯೆಗೆ ಸುರಕ್ಷತೆಯ ಅರ್ಥವೂ ಇದೆ. ಮುಚ್ಚಿದ ಬೋಲ್ಟ್‌ನ ಮುಖಕ್ಕೂ ತೋಟಾದ ಬೆನ್ನಿಗೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಆಯಾ ರೈಫಲ್‌ಗೆ ಹೊಂದಿಸಿದ ಬೋಲ್ಟ್ ತೆಗೆದು ಬೇರೊಂದರದ್ದು ಹಾಕಿದರೆ ಈ ಸಂದು ಹಿಗ್ಗಿರಬಹುದು. ಆಗ ಹಿತ್ತಾಳೆಯ ಕವಚ ಹರಿದು ಬಿಸಿ ಅನಿಲ ಹಿಂದಕ್ಕೆ ನುಗ್ಗುವ ಅಪಾಯವಿದೆ. ಬೇರೆ ಸಂಖ್ಯೆಯ ಬೋಲ್ಟ್ ಇದ್ದರೆ ತಜ್ಞರು ಅಳತೆಕಡ್ಡಿ ಹಾಕಿ ನೋಡದೆ ಮುಂದುವರಿಯುವುದಿಲ್ಲ.

ತಯಾರಿಕೆಯ ರೀತಿಯೂ ಇಸವಿಯನ್ನು ಹೇಳುತ್ತದೆ. ಆರಂಭದ ರೈಫಲ್‌ಗಳಿಗೆ ವಾಲ್‌ನಟ್ ಮರದ ಹಿಡಿ. 1930ರ ದಶಕದ ಕೊನೆಯಿಂದ ಬೀಚ್ ಮರದ ತೆಳು ಹಾಳೆಗಳನ್ನು ಅಂಟಿಸಿ ಒತ್ತಿದ ಪದರ ಹಿಡಿ ಬಳಕೆಗೆ ಬಂತು. ತೇವಕ್ಕೆ ಅದು ಅಷ್ಟಾಗಿ ಬಾಗುವುದಿಲ್ಲ. 1944ರ ಹೊತ್ತಿಗೆ ಉಕ್ಕು, ಸಮಯ, ನುರಿತ ಕೈ ಎಲ್ಲಕ್ಕೂ ಬರ. ಹಿಡಿಯ ಪಟ್ಟಿಗಳನ್ನು ತಗಡಿನಿಂದ ಒತ್ತಿ ತೆಗೆದು ಸ್ಕ್ರೂ ಬಿಗಿದರು, ಬಯೋನೆಟ್ ಸಿಕ್ಕಿಸುವ ಗೂಟ ಮಾಯವಾಯಿತು, ಸಣ್ಣ ಭಾಗಗಳಿಗೆ ಸಂಖ್ಯೆ ಒತ್ತುವುದೂ ನಿಂತಿತು. 1945ರ ರೈಫಲ್‌ನಲ್ಲಿ 1938ರ ನಾಜೂಕಿನ ಭಾಗಗಳು ತುಂಬಿದ್ದರೆ ಅದನ್ನು ಆಮೇಲೆ ಯಾರೋ ಜೋಡಿಸಿದ್ದಾರೆಂದು ಶಂಕಿಸಬೇಕು.

ಯುದ್ಧಾನಂತರದ ಪದರಗಳು

ಹಳೆಯ ರೈಫಲ್ ಒಂದು ಪಹಣಿ ಇದ್ದಂತೆ: ಕೈಬದಲಾದಾಗಲೆಲ್ಲ ಹೊಸದೊಂದು ನಮೂದು. ಸೋವಿಯತ್ ಸೇನೆ ವಶಪಡಿಸಿಕೊಂಡ ರೈಫಲ್‌ಗಳನ್ನು ಬಿಚ್ಚಿ, ಶುಚಿಮಾಡಿ, ಸಿಕ್ಕ ಭಾಗಗಳನ್ನು ಬೆರೆಸಿ ಜೋಡಿಸಿ, ಹಿಡಿಗೆ ಅರಗಿನ ಮೆರುಗು ಬಳಿದು ದಾಸ್ತಾನು ಮಾಡಿತು. ರಿಸೀವರ್ ಮೇಲೆ ಗುಣಾಕಾರ ಚಿಹ್ನೆ, ಬೋಲ್ಟ್‌ನ ಮೇಲೆ ವಿದ್ಯುತ್ ಲೇಖನಿಯಿಂದ ಗೀಚಿದ ಸಂಖ್ಯೆ ಕಂಡರೆ ಈ ದಾರಿಯಲ್ಲಿ ಬಂದದ್ದೆಂದು ತಿಳಿಯಬಹುದು. ಯುಗೊಸ್ಲಾವಿಯ ಜರ್ಮನ್ ಗುರುತುಗಳನ್ನು ಉಜ್ಜಿ ತೆಗೆದು ತನ್ನ ಲಾಂಛನವನ್ನೂ ‘ಪ್ರೆದುಜೆಚೆ 44’ ಎಂಬ ಕಾರ್ಖಾನೆಯ ಹೆಸರನ್ನೂ ಒತ್ತಿತು.

ನಾರ್ವೆಯಲ್ಲಿ ಜರ್ಮನರು ಬಿಟ್ಟುಹೋದ ರೈಫಲ್‌ಗಳಲ್ಲಿ ಹಲವನ್ನು ಅಮೆರಿಕದ 7.62×63 ಮಿಲಿಮೀಟರ್ ತೋಟಾಕ್ಕೆ ಬದಲಿಸಿದರು. ಇಸ್ರೇಲ್ 1948ರಲ್ಲಿ ಚೆಕೊಸ್ಲೊವಾಕಿಯದಿಂದ ಇಂಥ ರೈಫಲ್‌ಗಳನ್ನು ಕೊಂಡಿತು. ಮುಂದೆ ಅವನ್ನು 7.62 ಮಿಲಿಮೀಟರ್ ನೇಟೊ ತೋಟಾಕ್ಕೆ ಪರಿವರ್ತಿಸಿ ಮರದ ಹಿಡಿಯಲ್ಲಿ ದೊಡ್ಡದಾಗಿ 7.62 ಎಂದು ಕೊರೆಯಿತು. ನಾಜಿ ಹದ್ದನ್ನು ಹೊತ್ತಿದ್ದ ಉಕ್ಕು ನಾಜಿಗಳು ನಿರ್ನಾಮ ಮಾಡಹೊರಟ ಜನರ ಕೈಗೇ ಬಂತು. ಈ ಹೊಸ ಗುರುತುಗಳನ್ನು ಗಮನಿಸದೆ ಜರ್ಮನ್ ಸಂಕೇತವನ್ನಷ್ಟೇ ನಂಬಿ ಹಳೆಯ 7.92 ತೋಟಾ ತುಂಬಲು ಹೋಗುವವರು ಕೈಕಾಲಿಗೆ ಅಪಾಯ ತಂದುಕೊಳ್ಳುತ್ತಾರೆ. ಇನ್ನೊಂದು ಬಲೆಯೂ ಇದೆ: 1945ರಲ್ಲಿ ಫ್ರೆಂಚ್ ಪಡೆ ಓಬರ್ನ್‌ಡೋರ್ಫನ್ನು ಹಿಡಿದ ಮೇಲೆ ತನ್ನ ಬಳಕೆಗೆಂದು ಅಲ್ಲಿಯೇ ಉತ್ಪಾದನೆ ಮುಂದುವರಿಸಿತು. ಎಸ್‌ವಿಡಬ್ಲ್ಯೂ ಎಂದಿದ್ದ ಮಾತ್ರಕ್ಕೆ ಜರ್ಮನ್ ಸೈನಿಕನ ರೈಫಲ್ ಎನ್ನಲಾಗದು.

ಲೋಹದ ನೆನಪು ಮತ್ತು ನಕಲಿ

ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ನಾಜಿಗಳ ಎಸ್‌ಎಸ್ ಪಡೆಯ ತಲೆಬುರುಡೆ ಮತ್ತು ಮಿಂಚಿನಾಕಾರದ ಲಿಪಿ ಅತಿ ಹೆಚ್ಚು ನಕಲಾಗುವ ಗುರುತುಗಳು. ಮ್ಯಾಚಿಂಗ್ ಎನಿಸಲು ಬೋಲ್ಟ್‌ನ ಹಳೆಯ ಸಂಖ್ಯೆ ಉಜ್ಜಿ ಹೊಸದನ್ನು ಒತ್ತುವವರೂ ಇದ್ದಾರೆ. ಇಲ್ಲಿ ಲೋಹವಿಜ್ಞಾನ ನೆರವಿಗೆ ಬರುತ್ತದೆ. ಗಟ್ಟಿ ಅಚ್ಚನ್ನು ಉಕ್ಕಿನ ಮೇಲಿಟ್ಟು ಹೊಡೆದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಏರು ಏಳುತ್ತದೆ. ದಶಕಗಳ ಬಳಕೆಯಲ್ಲಿ ಆ ಏರು ಸವೆದು ಸುತ್ತಲಿನ ಮೈಯಂತೆ ನುಣುಪಾಗುತ್ತದೆ. ಸುತ್ತಲೂ ಸವೆದ ಮೈ, ನಡುವೆ ಮಾತ್ರ ಚೂಪು ಅಂಚಿನ ಅಕ್ಷರ ಇದ್ದರೆ ಅದು ಈಚಿನದು. ಕಪ್ಪು ಲೇಪನದ ಕೆಳಗಿರಬೇಕಾದ ಅಚ್ಚು ಲೇಪನವನ್ನು ಒಡೆದು ಕುಳಿತಿದ್ದರೂ ಅದೇ ತೀರ್ಮಾನ. ಅಂಕಿಗಳ ಆಕಾರವನ್ನು ಅದೇ ಕಾರ್ಖಾನೆಯ, ಅದೇ ವರ್ಷದ ನಿಸ್ಸಂಶಯದ ಮಾದರಿಯೊಂದಿಗೆ ಭೂತಕನ್ನಡಿಯಲ್ಲಿ ಹೋಲಿಸಿ ನೋಡುವುದು ಮುಂದಿನ ಹೆಜ್ಜೆ.

ಉಜ್ಜಿ ಅಳಿಸಿದ ಸಂಖ್ಯೆಯನ್ನೂ ಮರಳಿ ಓದಬಹುದು. ಅಚ್ಚಿನ ಹೊಡೆತ ಕಣ್ಣಿಗೆ ಕಾಣುವ ಕುಳಿಗಿಂತ ಆಳಕ್ಕೆ ಇಳಿದು ಉಕ್ಕಿನ ಹರಳುಗಳ ಜೋಡಣೆಯನ್ನು ಕದಡಿರುತ್ತದೆ. ಮೇಲ್ಮೈಯನ್ನು ಸಮ ಮಾಡಿದರೂ ಈ ಕದಡಿದ ಪದರ ಉಳಿದಿರಬಹುದು. ಅಪರಾಧ ಪ್ರಯೋಗಾಲಯಗಳಲ್ಲಿ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಸವರುತ್ತಾರೆ. ಒತ್ತಡ ಉಂಡ ಲೋಹ ಉಳಿದದ್ದಕ್ಕಿಂತ ಬೇರೆ ವೇಗದಲ್ಲಿ ಕರಗುವುದರಿಂದ ಅಳಿಸಿದ ಅಂಕಿ ನಿಧಾನವಾಗಿ ಮೂಡುತ್ತದೆ. ಈಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳುಗಳ ಕದಡಿಕೆಯನ್ನೇ ನಕ್ಷೆಯಾಗಿ ಬಿಡಿಸುವ ವಿಧಾನವೂ ಬಂದಿದೆ.

ಗುರುತುಗಳು ಹೊರುವ ಹೊಣೆ

ಈ ಸಂಕೇತಗಳನ್ನು ಓದುವವರು ಇನ್ನೊಂದನ್ನು ಮರೆಯಬಾರದು. ವರ್ಸೇಲ್ಸ್ ಒಪ್ಪಂದದ ನಂತರ ಸೇನೆಗೆ ರೈಫಲ್ ಮಾಡುವ ಅನುಮತಿ ಪಡೆದದ್ದು ಸೂಲ್‌ನ ಸಿಮ್ಸನ್ ಕಂಪನಿ. ಅದರ ಮಾಲೀಕರು ಯಹೂದಿಗಳು. ನಾಜಿಗಳು ಅದನ್ನು ಕಸಿದುಕೊಂಡರು. ಸಿಮ್ಸನ್ ಕುಟುಂಬ ದೇಶ ಬಿಟ್ಟು ಓಡಬೇಕಾಯಿತು. ಕಸಿದ ಕಾರ್ಖಾನೆ ಗುಸ್ಟ್‌ಲೋಫ್ ಸಂಸ್ಥೆಯ ಪಾಲಾಯಿತು. ಅದೇ ಸಂಸ್ಥೆ ಬುಖೆನ್‌ವಾಲ್ಡ್ ಯಾತನಾ ಶಿಬಿರದ ಪಕ್ಕದಲ್ಲಿ ಶಸ್ತ್ರ ಕಾರ್ಖಾನೆ ಕಟ್ಟಿ ಕೈದಿಗಳನ್ನು ದುಡಿಸಿತು. 1944ರ ಆಗಸ್ಟ್ 24ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬು ಹಾಕಿದಾಗ ಸತ್ತವರಲ್ಲಿ ನೂರಾರು ಮಂದಿ ಆ ಕೈದಿಗಳೇ. ಸ್ಟೈರ್ ಕಂಪನಿಗಾಗಿ ಗೂಸೆನ್ ಶಿಬಿರದ ಕೈದಿಗಳು ರೈಫಲ್ ಭಾಗಗಳನ್ನು ಮಾಡಿದರು. ಬಿಸಿಡಿ, ಬಿಎನ್‌ಜೆಡ್ ಎಂಬ ಅಕ್ಷರಗಳ ಹಿಂದೆ ಈ ಜನರಿದ್ದಾರೆ. ಅಪ್ರಿಯವೆಂದು ಹದ್ದನ್ನೂ ಸ್ವಸ್ತಿಕವನ್ನೂ ಉಜ್ಜಿ ಹಾಕಿದರೆ ಇವರ ಪರವಾದ ಸಾಕ್ಷ್ಯವೂ ಅಳಿಯುತ್ತದೆ. ಆ ಚಿಹ್ನೆಗಳನ್ನು ಮೆರೆಸಲು ಪ್ರದರ್ಶಿಸುವುದು ಇನ್ನೂ ದೊಡ್ಡ ಅನ್ಯಾಯ. ಸಂಗ್ರಹದ ಹೊಣೆ ಇರುವುದು ಗುರುತನ್ನು ಉಳಿಸಿ, ಅದರ ಅರ್ಥವನ್ನು ಪೂರ್ತಿಯಾಗಿ ಹೇಳುವುದರಲ್ಲಿ.

ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯ್ದೆಯಂತೆ ಬಂದೂಕು ಹೊಂದಲು ಪರವಾನಗಿ ಬೇಕು. ನಮ್ಮಲ್ಲಿ ಹೆಚ್ಚಿನವರು ಇಂಥ ರೈಫಲ್ ನೋಡುವುದಿದ್ದರೆ ಅದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ. ಆದರೆ ಓದುವ ವಿಧಾನಕ್ಕೆ ಪರವಾನಗಿ ಬೇಕಿಲ್ಲ. ಅದು ಹಳೆಯ ಗಡಿಯಾರಕ್ಕೂ ತಕ್ಕಡಿಗೂ ಹೊಲಿಗೆ ಯಂತ್ರಕ್ಕೂ ಹೊಂದುತ್ತದೆ. ಸಂಗ್ರಹಾಲಯದವರಲ್ಲಿ ಒಂದು ಮನವಿ: ಫಲಕದಲ್ಲಿ ‘ಹಳೆಯ ಬಂದೂಕು’ ಎಂದು ಬರೆದು ಸುಮ್ಮನಾಗಬೇಡಿ, ಕಾರ್ಖಾನೆಯ ಸಂಕೇತ, ಇಸವಿ, ತಪಾಸಣೆಯ ಗುರುತು, ಅಕ್ಷರ ಸಮೇತ ಕ್ರಮಸಂಖ್ಯೆಯನ್ನೂ ದಾಖಲಿಸಿ. ಓದುಗರಲ್ಲಿ ಇನ್ನೊಂದು: ಮನೆಯಲ್ಲಿರುವ ಯಾವುದೇ ಹಳೆಯ ಲೋಹದ ವಸ್ತುವನ್ನು ಹೊಳಪು ಬರಲೆಂದು ಮರಳುಕಾಗದದಿಂದ ಉಜ್ಜುವ ಮೊದಲು ಅದರ ಮೇಲಿರುವ ಪ್ರತಿ ಅಕ್ಷರ, ಪ್ರತಿ ಅಂಕಿಯ ಚಿತ್ರ ತೆಗೆದು ಬರೆದಿಟ್ಟುಕೊಳ್ಳಿ. ತುಕ್ಕನ್ನು ನಾಳೆಯೂ ತೆಗೆಯಬಹುದು, ಸವೆಸಿ ಹಾಕಿದ ಗುರುತನ್ನು ಮೊದಲಿನಂತೆ ಮಾಡಲಾಗದು.